ಒಂದು ಕಾರ್ಡಿಗೆ ಒಂದೇ ಟೂಲ್

ಜೂನ್ 2, ಸೋಮವಾರ

ಭಾವನಿಗೆ ಇವತ್ತು ಮತ್ತೆ ತಲೆ ಕೆಟ್ಟಿತ್ತು. ಮೌಸ್ ಎತ್ತಿ ಗೋಡೆಗೆ ಒಗೆದರು. ಮೌಸ್ ಒಡೆಯಲಿಲ್ಲ, ಗೋಡೆಯ ಸುಣ್ಣ ಉದುರಿತು. ಅಕ್ಕ ಪೊರಕೆ ತಂದು ಗುಡಿಸಿದಳು. ಇಂಥ ಮುಂಗೋಪಿಯ ಜೊತೆ ಹೇಗೆ ಬಾಳುತ್ತಾಳೋ! ಈ ಮನೆಯಲ್ಲಿ ನಾನೊಬ್ಬ ತಣ್ಣಗಿರುವುದರಿಂದ ಇಷ್ಟಾದರೂ ನಡೆದುಕೊಂಡು ಹೋಗುತ್ತಿದೆ.

ಜಗಳ ಹತ್ತಿದ್ದು ಕಂಪ್ಯೂಟರಿನ ವಿಷಯಕ್ಕೆ. ನಮ್ಮ ಲಿಫ್ಟ್ ಸಿನಿಮಾ ತಿಂಗಳ ಕೊನೆಗೆ ಸ್ಪರ್ಧೆಗೆ ಹೋಗಬೇಕು. ಏಳು ನಿಮಿಷದ ಆನಿಮೇಷನ್. ಕೆಟ್ಟು ನಿಂತ ಲಿಫ್ಟಿನೊಳಗೆ ಬೋಳ ಮತ್ತು ಗಡ್ಡ ಎಂಬ ಇಬ್ಬರು ಒಬ್ಬರನ್ನೊಬ್ಬರು ಚಚ್ಚಿ ಹಾಕುತ್ತಾರೆ, ಅಷ್ಟೇ ಕಥೆ. ಚಿತ್ರ ಕಟ್ಟುವುದು ನಾನು, ಕತ್ತರಿಸಿ ಜೋಡಿಸುವುದು ಭಾವ, ಸದ್ದು ಮಾಡುವುದು ಅಕ್ಕ. ಆದರೆ ಒಂದೊಂದು ಫ್ರೇಮನ್ನೂ ಕಂಪ್ಯೂಟರು ಲೆಕ್ಕ ಹಾಕಿ ಅಂತಿಮ ಚಿತ್ರವಾಗಿ ರೆಂಡರ್ ಮಾಡುವಷ್ಟರಲ್ಲಿ ಮುದುಕರಾಗುತ್ತೇವೆ. ಈ ಕಂಪ್ಯೂಟರು ಈಗಿನ ವೇಗದಲ್ಲಿ ಓಡಿದರೆ ಸಿನಿಮಾ ಮುಂದಿನ ತಿಂಗಳಿಗೆ ಮುಗಿದೀತು. ಹೊಸದು ಕೊಳ್ಳುವ ಮಾತೇ ಇಲ್ಲ. ಇರುವ ಗ್ರಾಫಿಕ್ಸ್ ಕಾರ್ಡನ್ನೂ ಪ್ರೊಸೆಸರನ್ನೂ ಓವರ್‌ಕ್ಲಾಕ್ ಮಾಡಿ, ತಯಾರಕರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದೊಂದೇ ದಾರಿ.

"ಇದೇ ಕೊನೆ" ಅಂದಿದ್ದಾರೆ ಭಾವ. "ಈ ಸಲವೂ ಮುಗೀಲಿಲ್ಲ ಅಂದ್ರೆ ಮನೆ ಖಾಲಿ ಮಾಡ್ತೀನಿ. ಬೇರೆ ಊರಲ್ಲಿ ಕೆಲಸ ಇದೆ. ನಿಮ್ಮಕ್ಕನ್ನ ಕರ್ಕೊಂಡು ಹೋಗ್ತೀನಿ."

ಅಕ್ಕನನ್ನು! ಅಮ್ಮ ಹೋದ ಮೇಲೆ ನನಗೆ ತುತ್ತಿಟ್ಟು, ತಲೆ ಬಾಚಿ, ಶಾಲೆಗೆ ಎಳೆದುಕೊಂಡು ಹೋದವಳು ಅವಳು. ಅವಳು ಹೋದರೆ ನನಗೆ ಯಾರಿದ್ದಾರೆ? ಈ ಸಿನಿಮಾ ಮುಗಿಯಲೇಬೇಕು.

ಭಾವ ಎಲ್ಲೋ ಹುಡುಕಿ ಒಂದು ಟೂಲ್ ತಂದಿದ್ದರು. ಒಂದು ಕೆಂಪು ಗುಂಡಿ, ಅದರ ಮೇಲೆ ಬೆಂಕಿಯ ಚಿತ್ರ. ಒತ್ತಿದರೆ ಸಾಕು, ಕಾರ್ಡು ತಾನಾಗಿ ಓಡುತ್ತದಂತೆ. ಯಾವುದೋ ಗೊತ್ತುಗುರಿಯಿಲ್ಲದ ವೆಬ್‌ಸೈಟಿನಿಂದ ಇಳಿಸಿಕೊಂಡದ್ದು. ಅದರ ಬಾಲ ಹಿಡಿದು ಕೂದಲು ಬೆಳೆಯುವ ಎಣ್ಣೆಯ ಜಾಹೀರಾತೂ ಬಂದು ಕೂತಿತ್ತು. "ಭಾವ, ಇದು ನಿಮ್ಮ ತಲೆಗೆ ಬೇಕಾಗಿರೋದು, ಕಂಪ್ಯೂಟರಿಗಲ್ಲ" ಅಂದೆ. ಮೌಸ್ ಹಾರಿದ್ದು ಆಗಲೇ.

ನಾನು ಆರಿಸಿದ್ದು ಬೇರೆ. ಕಾರ್ಡಿನ ವೇಗ, ವೋಲ್ಟೇಜ್, ಫ್ಯಾನ್ ಮೂರನ್ನೂ ಕೈಯಾರೆ ಹೊಂದಿಸುವ ಒಂದು ಟೂಲ್. ಎಷ್ಟು ಬಿಸಿಯಾಗಿದೆ ಎಂದು ತೋರಿಸುವುದು ಬಿಟ್ಟು ಬೇರೇನನ್ನೂ ಮುಟ್ಟದ ಇನ್ನೊಂದು. ಗಂಟೆಗಟ್ಟಲೆ ಗೋಳು ಹೊಯ್ದುಕೊಂಡು, ಕಾರ್ಡೂ ಪ್ರೊಸೆಸರೂ ತಡೆಯುತ್ತವೋ ಇಲ್ಲವೋ ನೋಡಲು ಒಂದು ಸ್ಟ್ರೆಸ್ ಟೆಸ್ಟ್. ಪ್ರೊಸೆಸರಿನ ವೇಗ ಏರಿಸಲು ಟೂಲೇ ಬೇಡ, ಆನ್ ಮಾಡಿದ ಕೂಡಲೇ ಸಿಗುವ ಬಯಾಸ್ ಪರದೆಯಲ್ಲಿ ಹೊಂದಿಸುವುದೇ ಕ್ಷೇಮ. ಎಲ್ಲವನ್ನೂ ಮಾಡಿದವರ ಸ್ವಂತ ಪುಟದಿಂದಲೇ ಇಳಿಸಿಕೊಂಡೆ. ಇವೆಲ್ಲಕ್ಕಿಂತ ಮುಖ್ಯ, ಒಂದು ಕಾರ್ಡಿಗೆ ಒಂದೇ ಟೂಲ್. ಒಂದೇ ಸ್ಟೀರಿಂಗನ್ನು ಇಬ್ಬರು ಹಿಡಿದರೆ ಗಾಡಿ ಚರಂಡಿಗೆ ಹೋಗುತ್ತದೆ.

ಅಕ್ಕನೇ ತೀರ್ಪು ಕೊಟ್ಟಳು. "ಮರಿ ನೋಡ್ಕೊಳ್ಳಲಿ. ರೀ, ನೀವು ಅದರ ತಂಟೆಗೆ ಹೋಗಬೇಡಿ."

"ಹೋಗಲ್ಲ ಮಾರಾಯ್ತಿ" ಎಂದು ಭಾವ ತಮ್ಮ ಕೆಂಪು ಗುಂಡಿಯನ್ನು ನನ್ನೆದುರೇ ಅಳಿಸಿಹಾಕಿದರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿ, ಎಲ್ಲರಿಗೂ ಟೀ ಮಾಡಿದರು.

ಜೂನ್ 5, ಗುರುವಾರ

ಬೆಳಿಗ್ಗೆಯೆಲ್ಲ ಹೊಡೆದಾಡಿದೆವು. ಚಿತ್ರ ಕಟ್ಟುವ ಮೊದಲು ನಾವೇ ಆಡಿ, ಕ್ಯಾಮೆರಾದಲ್ಲಿ ಹಿಡಿದು, ಅದನ್ನು ನೋಡಿಕೊಂಡು ಮಾಡುವುದು ನಮ್ಮ ಪದ್ಧತಿ. ಪ್ಯಾಸೇಜಿನಲ್ಲಿ ಹಾಸಿಗೆ ಹಾಕಿ, ಎರಡು ಕಪಾಟು ಎಳೆದು ಲಿಫ್ಟಿನಷ್ಟು ಜಾಗ ಮಾಡಿಕೊಂಡೆವು. ಭಾವ ಬೋಳ, ವೇಷವೇ ಬೇಕಾಗಿಲ್ಲ. ನಾನು ಗಡ್ಡ. ಹೊಡೆತ ಮೈಯಿಂದ ನಾಲ್ಕು ಬೆರಳು ದೂರದಲ್ಲಿ ನಿಲ್ಲಬೇಕು, ಉಳಿದದ್ದನ್ನು ಹೊಡೆಸಿಕೊಂಡವನು ನಟಿಸಬೇಕು.

ಮೂರನೇ ಟೇಕಿನಲ್ಲಿ ಭಾವನ ಮೊಣಕೈ ನಿಲ್ಲಲಿಲ್ಲ. ನನ್ನ ತುಟಿ ಒಡೆದು ಅಂಗಿಯೆಲ್ಲ ರಕ್ತ. ಭಾವ ಹೌಹಾರಿ, "ಅಯ್ಯೋ, ನೋಡ್ಲಿಲ್ಲ ಕಣೋ" ಎಂದು ಐಸ್ ತರಲು ಓಡಿದರು. ನಾನು ವಿಡಿಯೋ ನೋಡಿದೆ. ತಲೆ ಹಿಂದಕ್ಕೆ ಸಿಡಿಯುವುದು, ಕಣ್ಣು ಒಂದು ಕ್ಷಣ ಎಲ್ಲೂ ನೋಡದೆ ಇರುವುದು, ಎಂಜಲಿನ ಎಳೆ. ನಟನೆಯಲ್ಲಿ ಇದು ಎಂದೂ ಬರುವುದಿಲ್ಲ. ಇಡೀ ಸಿನಿಮಾದಲ್ಲಿ ಇದೇ ಒಳ್ಳೆಯ ಹೊಡೆತ.

ಮಧ್ಯಾಹ್ನ ಕಾರ್ಡಿನ ಕೆಲಸ. ವೇಗ ಚೂರು ಏರಿಸುವುದು, ಗೋಳು ಹೊಯ್ದುಕೊಳ್ಳುವುದು, ಬಿಸಿ ನೋಡುವುದು, ತಡೆದರೆ ಇನ್ನೊಂದು ಚೂರು. ಪರದೆಯ ಮೇಲೆ ಬಣ್ಣದ ಚುಕ್ಕಿ ಎದ್ದರೆ ಹಿಂದಕ್ಕೆ. ಆತುರ ಪಟ್ಟರೆ ಕೆಟ್ಟೆವು. ನನಗಿರುವ ತಾಳ್ಮೆ ಭಾವನಿಗಿದ್ದಿದ್ದರೆ ಈ ಮನೆ ಸ್ವರ್ಗವಾಗುತ್ತಿತ್ತು.

ಜೂನ್ 8, ಭಾನುವಾರ

ಗಟ್ಟಿಯಾಗಿ ನಿಂತಿತು! ರಾತ್ರಿಯಿಡೀ ಟೆಸ್ಟ್ ಓಡಿದೆ, ಒಂದು ಚುಕ್ಕಿಯಿಲ್ಲ, ಒಂದು ತಪ್ಪಿಲ್ಲ. ಬಿಸಿ ಎಪ್ಪತ್ತು ಡಿಗ್ರಿ ದಾಟಿಲ್ಲ. ಈ ವೇಗದಲ್ಲಿ ಹೋದರೆ ಕೊನೆಯ ವಾರಕ್ಕೆ ಸಿನಿಮಾ ಕೈಯಲ್ಲಿರುತ್ತದೆ. ಭಾವ ಪರದೆಗೆ ಕೈಮುಗಿದು ನಾಟಕ ಮಾಡಿದರು. "ಮೈದುನ ಮಹಾರಾಯರಿಗೆ ಜಯವಾಗಲಿ!"

ಸಂಭ್ರಮದ ನಡುವೆ ಅಕ್ಕನದೊಂದು ತಕರಾರು. ಅವಳು ಅದೇ ರೂಮಿನಲ್ಲಿ ಮೈಕ್ ಇಟ್ಟುಕೊಂಡು ಸದ್ದು ಹಿಡಿಯುತ್ತಾಳೆ. ಎಲೆಕೋಸನ್ನು ಗುದ್ದಿದರೆ ಹೊಟ್ಟೆಗೆ ಬಿದ್ದ ಪೆಟ್ಟು, ಕ್ಯಾರೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುರಿದರೆ ಬೆರಳು. ಈಗ ಫ್ಯಾನಿನ ಸದ್ದಿನಲ್ಲಿ ಕೋಸು ಕೇಳಿಸುವುದೇ ಇಲ್ಲವಂತೆ.

"ನಾನು ಮಾಡೋ ಹೊತ್ತಲ್ಲಾದ್ರೂ ಸ್ವಲ್ಪ ಕಮ್ಮಿ ಆಗಲ್ವೇನೋ ಮರಿ?"

"ಆಗಲ್ಲ."

"ಒಂದರ್ಧ ಗಂಟೆ ಅಷ್ಟೆ. ನಾನೇ ಬೇಕಾದ್ರೆ..."

"ಆಗಲ್ಲ ಅಂದೆನಲ್ಲ! ಅದನ್ನ ಯಾರೂ ಮುಟ್ಟಕೂಡದು!"

ದನಿ ಸ್ವಲ್ಪ ಏರಿತೇನೋ. ಅವಳ ಕೈಯಿಂದ ಕ್ಯಾರೆಟ್ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡು, "ಆಯ್ತಪ್ಪ, ಕಂಬಳಿ ಹೊದ್ದುಕೊಂಡು ಮಾಡ್ತೀನಿ" ಎಂದು ನಕ್ಕಳು. ಅಕ್ಕ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ.

ಜೂನ್ 11, ಬುಧವಾರ

ಹಾಳಾಯಿತು. ರಾತ್ರಿಯೆಲ್ಲ ಕಾವಲು ಕೂತು ಬೆಳಗಿನ ಜಾವ ಮಲಗಿದ್ದೆ, ಮಧ್ಯಾಹ್ನ ಎದ್ದು ಬಂದು ನೋಡಿದರೆ ಪರದೆ ಕಪ್ಪು. ರೆಂಡರ್ ಬೆಳಿಗ್ಗೆಯೇ ನಿಂತಿದೆ. ಕಾರ್ಡು ಕುದಿಯುತ್ತಿತ್ತು, ಮೇಲೆ ಕೈಯಿಡಲಾಗಲಿಲ್ಲ. ಮತ್ತೆ ಆನ್ ಮಾಡಿ ನೋಡಿದರೆ, ನಾನು ಶೇಕಡಾ ಎಂಬತ್ತಕ್ಕೆ ಇಟ್ಟಿದ್ದ ಫ್ಯಾನ್ ನಲವತ್ತಕ್ಕೆ ಇಳಿದಿದೆ. ತಾನಾಗಿ ಇಳಿಯಲು ಅದಕ್ಕೇನು ಕಾಲಿದೆಯೇ?

ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂರುವವರು ಭಾವ. "ಮುಟ್ಟಿದ್ರಾ?" ಅಂದೆ. ಇಲ್ಲ ಅಂದರು. "ಕೆಂಪು ಗುಂಡಿ ನೆನಪಾಯ್ತಾ?" ಅಂದೆ. "ನಿನ್ನಾಣೆಗೂ ಇಲ್ಲ ಕಣೋ" ಅಂದರು. ನನ್ನಾಣೆ ಇಡಲು ಇವರು ಯಾರು?

ಜೂನ್ 14, ಶನಿವಾರ

ಮತ್ತೆ. ಅದೇ ಕಪ್ಪು ಪರದೆ, ಅದೇ ಬೆಳಗಿನ ಹೊತ್ತು. ಎರಡು ದಿನದ ಕೆಲಸ ಮಣ್ಣುಪಾಲು. ನಾನು ಬಿಟ್ಟು ಮಲಗುವಾಗ ಚೆನ್ನಾಗಿರುತ್ತದೆ, ಎದ್ದು ಬರುವಷ್ಟರಲ್ಲಿ ಸತ್ತಿರುತ್ತದೆ. ಈಗ ಅರ್ಥವಾಯಿತು. ಸಿನಿಮಾ ಮುಗಿಯುವುದು ಭಾವನಿಗೆ ಬೇಕಾಗಿಲ್ಲ. ಊರು ಬಿಡುವ ಆಸೆ, ನೆಪ ಬೇಕು, ಅಷ್ಟೇ.

 ಸಂಜೆ ಕೊನೆಯ ಹೊಡೆದಾಟದ ವಿಡಿಯೋ ಹಿಡಿಯುವುದಿತ್ತು. ಗಡ್ಡ ಬೋಳನ ಪಕ್ಕೆಗೆ ಗುದ್ದುವ ಶಾಟ್. ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸಲಿಲ್ಲ. ಸೊಂಟ ತಿರುಗಿಸಿ, ಭುಜದ ಭಾರವನ್ನೆಲ್ಲ ಹಾಕಿ, ಪಕ್ಕೆಲುಬಿನ ಕೆಳಗೆ ಕೊಟ್ಟೆ. ಭಾವನ ಬಾಯಿಂದ ಗಾಳಿಯೆಲ್ಲ ಒಮ್ಮೆಗೇ ಹೊರಬಂತು. ಮಂಡಿಯೂರಿ ಕೂತು, ಹಾಸಿಗೆಯ ಮೇಲೆ ವಾಂತಿ ಮಾಡಿಕೊಂಡರು.

"ಕ್ಯಾಮೆರಾಗೋಸ್ಕರ ಭಾವ" ಅಂದೆ.

ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದರು. "ಆಯ್ತಲ್ಲ ಶಾಟು? ಸಾಕು" ಎಂದು ಎದ್ದು ಹೋದರು. ಶಾಟ್ ಅದ್ಭುತವಾಗಿ ಬಂದಿದೆ.

ಜೂನ್ 17, ಮಂಗಳವಾರ

ಭಾವ ಇನ್ನು ಹೊಡೆದಾಟಕ್ಕೆ ಬರುವುದಿಲ್ಲವಂತೆ. ಪಕ್ಕೆ ನೀಲಿಗಟ್ಟಿದೆಯಂತೆ. ಒಬ್ಬನೇ ಆಡಬೇಕಾಯಿತು. ಕಪಾಟಿನ ಬಾಗಿಲನ್ನೇ ಬೋಳ ಅಂದುಕೊಂಡು ಗುದ್ದಿದೆ. ಪ್ಲೈವುಡ್ ಒಳಗೆ ಹೋಯಿತು, ಬೆರಳಗಂಟು ಸುಲಿಯಿತು. ಹಿತವಾಗಿತ್ತು. ಇನ್ನೊಂದು ಬಾಗಿಲನ್ನೂ ಗುದ್ದಿದೆ.

ಈಗ ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ. ಊಟವೂ ಅಲ್ಲೇ, ನಿದ್ದೆಯೂ ಅದೇ ಕುರ್ಚಿಯಲ್ಲಿ. ಪ್ರತಿ ಸಲ ಕೆಟ್ಟು ನಿಂತಾಗ ರೀಸ್ಟಾರ್ಟ್ ಮಾಡಿ ಎಲ್ಲವನ್ನೂ ಮತ್ತೆ ಹೊಂದಿಸುತ್ತೇನೆ. ಟೆಸ್ಟಿಗೆ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಯಾವಾಗಲೋ ಸಾಯುತ್ತದೆ. ನಾನು ಬಚ್ಚಲಿಗೆ ಹೋಗುವ ಹೊತ್ತು ಕಾದು ಬಂದು ಕೈಯಾಡಿಸುತ್ತಾರೆ, ಇನ್ನೇನು?

ಅಕ್ಕ ಬಡವಾಗಿದ್ದಾಳೆ. ಮೊದಲೆಲ್ಲ ಇಡೀ ಮನೆಗೆ ಕೇಳುವಂತೆ ಮಾತಾಡುತ್ತಿದ್ದವಳು, ಈಗ ಪಿಸುಗುಟ್ಟುತ್ತಾಳೆ. ತಟ್ಟೆ ತಂದರೆ ಬಾಗಿಲ ಹತ್ತಿರವೇ ಇಟ್ಟು ಹೋಗುತ್ತಾಳೆ. ಇವತ್ತು ಎರಡು ಸಲ ಬಂದು, "ಸ್ವಲ್ಪ ಹೊತ್ತು ಹೊರಗೆ ಗಾಳಿಗೆ ಹೋಗಿ ಬಾರೋ, ನಾನು ನೋಡ್ಕೋತೀನಿ" ಅಂದಳು. ನಾನು ಏಳಲಿಲ್ಲ. ಪಾಪ, ಆ ಮನುಷ್ಯನ ಸಿಟ್ಟಿಗೆ ಹೆದರಿ ಹೀಗಾಗಿದ್ದಾಳೆ. ನಾನು ಇರುವವರೆಗೆ ಅವಳ ಮೈಮೇಲೆ ಯಾರೂ ಕೈ ಮಾಡಲಾರರು.

ಜೂನ್ 21, ಶನಿವಾರ

ಇದನ್ನು ಸರಿಯಾಗಿ ಬರೆದಿಡಬೇಕು. ನಾಳೆ ಯಾರಾದರೂ ಬೇರೆ ಥರ ಹೇಳಿದರೆ?

ಕೊನೆಯ ನಿಮಿಷ ರೆಂಡರ್ ಆಗುತ್ತಿತ್ತು. ಮುಖ ತೊಳೆದುಕೊಂಡು ಬಂದೆ. ಪರದೆ ಕಪ್ಪು. ಕುರ್ಚಿಯ ಹತ್ತಿರ ಅಕ್ಕ ನಿಂತಿದ್ದಳು, ಅವಳ ಹಿಂದೆ ಅವನು. ಅವಳ ಕೈಯಲ್ಲಿ ಮೌಸ್ ಇತ್ತು. ನಾನು "ಯಾರು?" ಅಂದೆ. ಅಷ್ಟೇ ಅಂದದ್ದು. ಅಕ್ಕ ಬಾಯಿ ತೆರೆದಳು. ಅವನು ಅವಳ ಭುಜ ಹಿಡಿದು ಹಿಂದಕ್ಕೆ ಸರಿಸಿ, ಮುಂದೆ ಬಂದ.

"ನಾನೇ ಮುಟ್ಟಿದ್ದು. ಮೊದಲಿಂದ್ಲೂ ನಾನೇ. ಏನ್ ಮಾಡ್ತೀಯ ಮಾಡು."

ಕೊನೆಗೂ ಒಪ್ಪಿಕೊಂಡ! ಕೈಗೆ ಸಿಕ್ಕ ಕೀಬೋರ್ಡ್ ಬೀಸಿದೆ. ಕಿವಿಯ ಮೇಲೆ ಬಿತ್ತು. ಕೀಲಿಗಳು ಕಿತ್ತುಬಂದು ನೆಲದ ತುಂಬ ಚೆಲ್ಲಿದವು. ಅವನು ಬಗ್ಗಿದ. ಮೊಣಕಾಲೆತ್ತಿ ಮುಖಕ್ಕೆ ಕೊಟ್ಟೆ, ಮೂಗು ಒಂದು ಪಕ್ಕಕ್ಕೆ ಹೋಯಿತು. ರಕ್ತ ನನ್ನ ಪ್ಯಾಂಟಿನ ಮೇಲೆ, ಬಿಸಿಯಾಗಿತ್ತು. ಬಲಗೈ ಅಡ್ಡ ತಂದ. ಆ ಕೈಯನ್ನೇ ಹಿಡಿದು ಮೇಜಿನ ಅಂಚಿಗೆ ಬಡಿದೆ. ಮೊದಲ ಸಲ ಏನೂ ಆಗಲಿಲ್ಲ. ಇನ್ನೊಂದು ಸಲ ಬಡಿದೆ. ಮೂಳೆ ಮುರಿಯುವ ಸದ್ದು ನಾವು ಸಿನಿಮಾಕ್ಕೆ ಮಾಡಿಕೊಂಡಷ್ಟು ದೊಡ್ಡದಲ್ಲ. ಅವನು ನೆಲಕ್ಕೆ ಬಿದ್ದ ಮೇಲೂ ಹೊಟ್ಟೆಗೆ ಒದ್ದೆ. ಎಷ್ಟು ಸಲ ಎಂದು ಲೆಕ್ಕವಿಟ್ಟಿಲ್ಲ.

ಒಂದೇ ಒಂದು ಸಲವೂ ತಿರುಗಿ ಹೊಡೆಯಲಿಲ್ಲ, ಹೇಡಿ.

ಅಕ್ಕ ಕಿರುಚಲಿಲ್ಲ. ಅವನ ಮೇಲೆ ಅಡ್ಡ ಬಿದ್ದಳು. ಆಗ ನಿಲ್ಲಿಸಿದೆ. ನಿಲ್ಲಿಸಿದೆ ಎಂಬುದನ್ನೂ ಬರೆದಿಡಬೇಕು.

ಜೂನ್ 22, ಭಾನುವಾರ

ಆಸ್ಪತ್ರೆ. ಮೆಟ್ಟಿಲಿಂದ ಬಿದ್ದರು ಅಂದಳು ಅಕ್ಕ. ನರ್ಸ್ ನನ್ನ ಬೆರಳುಗಳನ್ನು ನೋಡಿದಳು. ಜೇಬಿಗೆ ಹಾಕಿಕೊಂಡೆ.

ಜೂನ್ 24, ಮಂಗಳವಾರ

ಭಾವನನ್ನು ಮನೆಗೆ ಕರೆತಂದಿದ್ದಾರೆ. ಕೈಗೆ ಪ್ಲಾಸ್ಟರ್, ಮೂಗಿಗೆ ಪಟ್ಟಿ. ಒಳಕೋಣೆಯಲ್ಲಿ ಮಲಗಿದ್ದಾರೆ, ಅಕ್ಕ ಅಲ್ಲೇ ಇರುತ್ತಾಳೆ. ಚಿಲಕ ಹಾಕಿಕೊಳ್ಳುತ್ತಾರೆ, ಯಾಕೋ ಗೊತ್ತಿಲ್ಲ.

ನಾನು ಹೊಸ ಕೀಬೋರ್ಡ್ ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡಿದೆ. ಟೂಲ್ ತೆರೆದು ಫ್ಯಾನನ್ನು ಎಂಬತ್ತಕ್ಕೆ ತಂದು ಕೂತೆ. ಸ್ವಲ್ಪ ಹೊತ್ತಾದ ಮೇಲೆ, ನೋಡುತ್ತಿದ್ದ ಹಾಗೆ ಅದು ಇಳಿಯಿತು. ನಲವತ್ತು. ಮೌಸ್ ನನ್ನ ಕೈಯಲ್ಲಿತ್ತು, ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಮತ್ತೆ ಏರಿಸಿದೆ, ಮತ್ತೆ ಇಳಿಯಿತು. 

ಪರದೆಯ ಮೂಲೆಯ ಬಾಣದ ಗುರುತು ಒತ್ತಿ ನೋಡಿದೆ. ಅಡಗಿ ಕೂತ ಐಕಾನುಗಳ ನಡುವೆ ನಾನು ಎಂದೂ ಹಾಕದ ಒಂದು ಟೂಲ್. ಕಂಪ್ಯೂಟರಿನ ಸದ್ದು ಅಡಗಿಸುವಂಥದ್ದು. ಫ್ಯಾನನ್ನು ನಿಧಾನ ಮಾಡುತ್ತದೆ, ಬಿಸಿಯಾಗದಿರಲೆಂದು ಕಾರ್ಡಿನ ವೋಲ್ಟೇಜನ್ನೂ ಇಳಿಸುತ್ತದೆ. ಮಾಮೂಲಿ ವೇಗದ ಕಾರ್ಡಿಗೆ ಏನೂ ತೊಂದರೆಯಿಲ್ಲ, ಒಳ್ಳೆಯದೇ. ನಾನು ವೇಗ ಏರಿಸಿಟ್ಟ ಕಾರ್ಡಿಗೆ ಅದು ಗಂಟಲು ಹಿಚುಕಿದ ಹಾಗೆ. ಪ್ರತಿ ರೀಸ್ಟಾರ್ಟ್ ಆದ ಮೇಲೂ ಯಾವಾಗಲೋ ತಾನಾಗಿ ಎದ್ದು ಬಂದು ಕೂರುತ್ತಿತ್ತು. ಅಂದರೆ ಅದನ್ನು ದಿನವೂ ಎಬ್ಬಿಸುತ್ತಿದ್ದವನು ನಾನೇ.

ಅದರೊಳಗೆ ಒಂದೇ ಒಂದು ಸೆಟ್ಟಿಂಗ್ ಉಳಿಸಿಟ್ಟಿತ್ತು. ಅದಕ್ಕಿಟ್ಟ ಹೆಸರು "ಕೋಸು".

ಈ ಮನೆಯಲ್ಲಿ ಕೋಸು ಗುದ್ದುವವಳು ಒಬ್ಬಳೇ.  ಆಮೇಲೆ ಆ ಟೂಲ್ ತೆಗೆದುಹಾಕಿ ರೆಂಡರ್ ಹಾಕಿದೆ.

ಜೂನ್ 26, ಗುರುವಾರ

ಒಂದು ಸಲವೂ ನಿಲ್ಲದೆ ಓಡಿತು. ಮಧ್ಯಾಹ್ನ ಸಿನಿಮಾ ಕಳಿಸಿದೆ. ಒಳಕೋಣೆಯ ಬಾಗಿಲು ತಟ್ಟಿ, "ಅಕ್ಕಾ, ಹೋಯ್ತು. ಇನ್ನು ನೀವೆಲ್ಲೂ ಹೋಗಬೇಕಾಗಿಲ್ಲ" ಅಂದೆ. ಚಿಲಕ ತೆಗೆಯಲು ತಡ ಮಾಡಿದರು. ತೆಗೆದಾಗ ನೋಡಿದರೆ ಮಂಚದ ಮೇಲೆ ಸೂಟ್‌ಕೇಸ್, ಅರ್ಧ ತುಂಬಿದೆ. ಅಕ್ಕ ಭಾವನ ಅಂಗಿ ಮಡಿಸುತ್ತಿದ್ದಳು. ಭಾವ ದಿಂಬಿಗೆ ಒರಗಿ ಕೂತಿದ್ದರು.

ಇದೇನು? ಮಾತು ಅಂದರೆ ಮಾತು. ಸಿನಿಮಾ ಮುಗಿದಿದೆಯಲ್ಲ!

"ಕೋಸು ಅಂತ ಇತ್ತು ನೋಡಿದೆ" ಅಂದೆ. ಎಷ್ಟು ಮೆತ್ತಗೆ ಆಗುತ್ತದೋ ಅಷ್ಟು ಮೆತ್ತಗೆ ಅಂದೆ.

ಅವಳ ಕೈ ಮಡಿಸುವುದನ್ನು ನಿಲ್ಲಿಸಿತು. "ಮೊದಲನೇ ಸಲ ನಂಗೆ ಗೊತ್ತೇ ಇರ್ಲಿಲ್ಲ. ಸದ್ದು ಕಮ್ಮಿ ಆಗುತ್ತೆ ಅಂತ ಹಾಕ್ದೆ. ಎರಡನೇ ಸಲ ಅನುಮಾನ ಬಂತು. ಇವರಿಗೆ ಹೇಳ್ದೆ. ತೆಗೆದುಹಾಕೋಣ ಅಂದ್ರೆ ನೀನು ಕುರ್ಚಿ ಬಿಟ್ಟು ಏಳ್ತಾನೇ ಇರ್ಲಿಲ್ಲ. ಅವತ್ತು ಮುಖ ತೊಳೆಯೋಕೆ ಹೋದಾಗ ತೆಗೆಯೋಣ ಅಂತ ಬಂದೆ. ಅಷ್ಟರಲ್ಲೇ ಪರದೆ ಕಪ್ಪಾಗಿತ್ತು."

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ?"

"ಇವರು ಬೇಡ ಅಂದ್ರು. ಏಟು ಬಿದ್ರೆ ನಂಗೆ ಬೀಳಲಿ, ನೀನು ಬಾಯಿ ಬಿಡಬೇಡ ಅಂದ್ರು."

ಭಾವ ಕಿಟಕಿಯ ಕಡೆ ನೋಡುತ್ತಿದ್ದರು. ಮೂಗಿನ ಪಟ್ಟಿಯ ಮೇಲೆ ಕಣ್ಣು ಇನ್ನೂ ಊದಿಕೊಂಡೇ ಇತ್ತು.

"ಏಟಾ? ನಿನಗೆ ಯಾರು ಏಟು ಹಾಕ್ತಾರೆ? ಅಷ್ಟೊಂದು ಹೆದರಿಕೆ ಯಾರದ್ದು ನಿನಗೆ?"

"ನಿಂದೇ ಕಣೋ."

ನನಗೆ ನಗು ಬಂತು. ನನ್ನ ಹೆದರಿಕೆಯೇ? ಅವಳ ಸೆರಗು ಹಿಡಿದುಕೊಂಡು ಬೆಳೆದವನು ನಾನು. ಇವತ್ತಿಗೂ ಜ್ವರ ಬಂದರೆ ಅವಳ ಹೆಸರನ್ನೇ ಕನವರಿಸುವವನು. ಅಳುವೂ ಬಂತು. ಅವಳಿಗೆ ಹೇಗೆ ತಿಳಿಸಿ ಹೇಳಲಿ? ಅವಳನ್ನು ಕಳೆದುಕೊಳ್ಳಬಾರದು ಎಂದೇ ಅಲ್ಲವೇ ಇದೆಲ್ಲ ಮಾಡಿದ್ದು? ಹೋಗಬೇಡ ಎಂದು ಅವಳ ಕೈ ಹಿಡಿದುಕೊಳ್ಳಲು ಎರಡು ಹೆಜ್ಜೆ ಮುಂದೆ ಹೋದೆ.

ಭಾವ ಮಂಚದಿಂದ ಧಡಕ್ಕನೆ ಎದ್ದು, ಪ್ಲಾಸ್ಟರಿನ ಕೈಯನ್ನೇ ಅಡ್ಡ ಹಿಡಿದು, ನಮ್ಮಿಬ್ಬರ ನಡುವೆ ನಿಂತರು. ನೋವಿಗೆ ಹಲ್ಲು ಕಚ್ಚಿದ್ದರು.

"ಭಾವ, ನಾನು ಅವಳ ಕೈ ಹಿಡಿಯೋಕೆ ಬಂದಿದ್ದು" ಅಂದೆ. "ಕೈ ಹಿಡಿಯೋಕೆ ಅಷ್ಟೆ."

ಅಕ್ಕ ಅವರ ಭುಜದ ಹಿಂದಿನಿಂದ ನೋಡುತ್ತಿದ್ದಳು. ನನ್ನ ಮುಖವನ್ನಲ್ಲ, ಕೆಳಗೆ.

"ಹಾಗಾದ್ರೆ ಮುಷ್ಟಿ ಬಿಚ್ಚು ಮರಿ" ಅಂದಳು.

ನೋಡಿಕೊಂಡೆ. ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.